ಗೆಳತಿಯ ಮನೆಯಲ್ಲಿ ಒಂದು ರಾತ್ರಿ ವಸ್ತಿ



ಶ್ರಾವಣ ಹುಟ್ಟಿ ಪಂಚಮಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲ ಕಡೆಯ ಹೆಣ್ಣುಮಕ್ಕಳ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ತವರಿಗೆ ಹೋಗಬೇಕು, ಬೇವಿನ ಮರದ ಜೋಕಾಲಿ ಜೀಕಬೇಕು. ಬೇವೂರಿನವರಿಗಂತೂ ಊರ ಹೆಸರಿನಲ್ಲೇ ಬೇವು ಇದೆ, ಮರ ಹುಡುಕುವ ಕಷ್ಟವಿಲ್ಲ ಬಿಡಿ! ರೊಟ್ಟಿ ಹಬ್ಬದ ದಿನ ಮನೆಮನೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳುಪಲ್ಯ ಬೀರುವುದು. ಆಮೇಲೆ ನಾಗಪ್ಪನಿಗೆ ಹಾಲೆರೆಯುವುದು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಬೇಸನ್ ಉಂಡಿ ಡಬ್ಬಿ ತುಂಬ ಇರಲೇಬೇಕು.

ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಹೇಳಹೊರಟಿದ್ದು ಹಬ್ಬದ ಹಗಲಿನ ಮಾತಲ್ಲ, ರಾತ್ರಿಯದು. ಬೇರೆಬೇರೆ ಊರಿಗೆ ಕೊಟ್ಟ ಒಂದೇ ಓಣಿಯ ಗೆಳತಿಯರು ತವರಿಗೆ ಬಂದಾಗ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿ ಸಾಲಾಗಿ ಮಲಗುತ್ತಾರಲ್ಲ, ಆ ರಾತ್ರಿ. ಮಲಗುವುದು ಬರೀ ಹೆಸರಿಗೆ. ಒಬ್ಬಳು ತನ್ನ ನಾದಿನಿಯ ನಡಿಗೆ ನಡೆದು ತೋರಿಸುತ್ತಾಳೆ, ಇನ್ನೊಬ್ಬಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಾಳೆ. ನಡುರಾತ್ರಿ ಮತ್ತೆ ಉಂಡಿಯ ಡಬ್ಬಿ ತೆರೆಯುತ್ತದೆ. ದೀಪ ಆರಿಸಿದ ಮೇಲೆ, ಮುಖ ಕಾಣದ ಕತ್ತಲಲ್ಲಿ, ಹಗಲು ಬಾಯಿಗೆ ಬಾರದ ಮಾತು ಬರುತ್ತದೆ. ಗಂಡನ ಕುಡಿತ, ಮೂರು ತಿಂಗಳಿಂದ ಮುಚ್ಚಿಟ್ಟ ಹೊಟ್ಟೆನೋವು, ಮಗಳ ಓದು ಬಿಡಿಸಿಬಿಡುವರೇನೋ ಎಂಬ ಭಯ. "ನಾಳೆ ಡಾಕ್ಟರ್ ಕಡೆ ನಾ ಕರಕೊಂಡು ಹೋಗ್ತೀನಿ, ಸುಮ್ನ ಬಾ" ಎನ್ನುವ ಗೆಳತಿಯ ಗದರಿಕೆಗೆ ಆ ಹೊತ್ತಿನಲ್ಲಿ ಇರುವ ಬಲ ಬೇರೆಯೇ!

ಆದರೆ ತವರೇ ಇಲ್ಲದವರು? ತಾಯಿ-ತಂದೆ ತೀರಿದ ಮೇಲೆ ಅಣ್ಣನ ಮನೆಯ ಕರೆ ಬರುವುದು ನಿಂತವರು ನಮ್ಮಲ್ಲಿ ಎಷ್ಟು ಜನರಿಲ್ಲ! ಆಸ್ತಿಯ ಕಾಗದಕ್ಕೆ ಸಹಿ ಹಾಕಲಿಲ್ಲವೆಂದು ಮಾತು ಬಿಟ್ಟ ಅಣ್ಣತಮ್ಮಂದಿರೂ ಇದ್ದಾರೆ. ಇನ್ನು ಕೆಲವರಿಗೆ ತವರಿನ ಊರೇ ಉಳಿದಿಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಹೋಯಿತು, ಹೊಳೆದಂಡೆಯ ಎಷ್ಟೋ ಹಳ್ಳಿಗಳು ಹೋದವು. ಗೋಡೆಗೆ ಗೋಡೆ ಹಚ್ಚಿ ಇದ್ದ ಮನೆಗಳವರು ನವನಗರಕ್ಕೋ ಪುನರ್ವಸತಿ ಕೇಂದ್ರಗಳಿಗೋ ಚದುರಿದರು. ಮನೆಗೆ ಪರಿಹಾರ ಸಿಕ್ಕಿತು. ಕಟ್ಟೆಯ ಮೇಲೆ ಕೂತು ಕೂದಲು ಹಿಕ್ಕುತ್ತಿದ್ದ ಗೆಳೆತನಕ್ಕೆ ಯಾವ ಕಚೇರಿಯಲ್ಲಿ ಅರ್ಜಿ ಕೊಡುವುದು ಹೇಳಿ?

ಆದ್ದರಿಂದ ನನ್ನ ಸೂಚನೆ ಇಷ್ಟೇ. ತವರಿನ ದಾರಿ ಕಾಯುತ್ತ ಕೂಡಬೇಡಿ, ಗೆಳತಿಯ ಮನೆಗೆ ವಸ್ತಿ ಹೋಗಿ. ಪಂಚಮಿಗೇ ಆಗಬೇಕೆಂದಿಲ್ಲ, ವರ್ಷದಲ್ಲಿ ಒಂದೆರಡು ಸಲವಾದರೂ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜಿಲ್ಲ. ಆಧಾರ ಕಾರ್ಡು ಚೀಲದಲ್ಲಿದ್ದರೆ ಆಯಿತು, ಬಸ್ಸಿನ ಖರ್ಚಿನ ನೆಪ ಹೇಳುವ ಹಾಗಿಲ್ಲ.

"ಮೂರು ಮಕ್ಕಳ ತಾಯಿ ಆದಿ, ಇನ್ನೂ ಗೆಳತ್ಯಾರ ಮನ್ಯಾಗ ಮಲಗಾಕ ಹೊಂಟಿಯೇನವಾ?" ಎಂದು ಅತ್ತೆಯವರು ಕೇಳಬಹುದು. ಬನಶಂಕರಿ ಜಾತ್ರೆಯಲ್ಲಿ ಗಂಡಸರು ರಾತ್ರಿಯೆಲ್ಲ ನಾಟಕ ನೋಡಿ ಬೆಳಗಿನ ಜಾವ ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ ಯಾರೂ ಕೇಳುವುದಿಲ್ಲವಲ್ಲ! ಆದರೆ ಈ ಮಾತನ್ನು ಅತ್ತೆಯ ಮುಂದೆ ಎತ್ತಬೇಡಿ, ಕೆಲಸ ಕೆಡುತ್ತದೆ. "ರೊಟ್ಟಿ ಬಡದ ಇಟ್ಟೀನಿ, ಬ್ಯಾಳಿ ಕುದಿಸಿಟ್ಟೀನ್ರೀ ಅತ್ತಿ, ನಾಳೆ ಮಧ್ಯಾಹ್ನದೊಳಗ ಬಂದಬಿಡ್ತೀನಿ" ಎನ್ನಿ. ಹೇಳಿದ ಹೊತ್ತಿಗೆ ಬಂದೂ ಬಿಡಿ. ಮುಂದಿನ ಸಲ ಅರ್ಧ ಕೆಲಸ ಹಗುರ. ಯಾರ ಮನೆ, ಯಾರು ಯಾರು ಇರುತ್ತಾರೆ ಎಂಬುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟಲ್ಲೇ ಸಂಶಯ ಹುಟ್ಟುವುದು. ನಾಲ್ಕೈದು ಜನಕ್ಕಿಂತ ಹೆಚ್ಚು ಕೂಡಿಸಬೇಡಿ, ಹೆಚ್ಚಾದರೆ ಅದು ಸೀಮಂತದ ಮನೆಯಾಗುತ್ತದೆ, ಮಾತಾಗುವುದಿಲ್ಲ.

ಕರೆಯುವಾಗ ಒಂದನ್ನು ನೆನಪಿಡಿ. ನಿಮ್ಮ ಜೊತೆ ಶಾಲೆಗೆ ಬಂದವಳು ಈಗ ಗಂಡನನ್ನು ಕಳೆದುಕೊಂಡಿರಬಹುದು. ಅರಿಷಿಣ-ಕುಂಕುಮಕ್ಕೆ ಕರೆಯದೆ ಊರು ಅವಳನ್ನು ಬದಿಗಿಟ್ಟಿದೆ. ವಸ್ತಿಗೆ ಆರತಿ ತಟ್ಟೆ ಬೇಕಿಲ್ಲ, ಉಡಿ ತುಂಬುವುದಿಲ್ಲ, ಅವಳನ್ನು ಬಿಡಲು ಕಾರಣವೇ ಇಲ್ಲ. ಮೊದಲು ಅವಳಿಗೇ ಹೇಳಿಕಳಿಸಿ. ಹಾಗೆಯೇ, ಆ ರಾತ್ರಿ ಕೇಳಿದ ಗುಟ್ಟು ಬೆಳಿಗ್ಗೆ ನೀರಿನ ನಳದ ಹತ್ತಿರ ಹೊರಬಿದ್ದರೆ ಆ ಗುಂಪು ಇನ್ನೊಮ್ಮೆ ಕೂಡುವುದಿಲ್ಲ ಎಂದು ತಿಳಿಯಿರಿ.

ಅಡಿಗೆಯ ವಿಚಾರ. ಮನೆಯಾಕೆ ಒಲೆಯ ಮುಂದೆಯೇ ಕೂತರೆ ವಸ್ತಿ ಇದ್ದು ಫಲವೇನು? ಖಡಕ್ ರೊಟ್ಟಿ ಒಬ್ಬಳು, ಶೇಂಗಾ ಹಿಂಡಿ ಮತ್ತು ಗಟ್ಟಿ ಮೊಸರು ಒಬ್ಬಳು, ಎಣ್ಣೆಗಾಯಿ ಬದನೆಕಾಯಿ ಇನ್ನೊಬ್ಬಳು ತರಲಿ. ಮನೆಯಾಕೆ ಬಿಸಿ ಅನ್ನ, ಸಾರು ಮಾಡಿದರೆ ಸಾಕು. ಸಿಹಿಗೆ ಮಾದಲಿ ಇದ್ದರೆ ಬಹಳ ಚಲೋ. ಬಟ್ಟಲಿಗೆ ಹಾಕಿ ಬಿಸಿ ಹಾಲು, ತುಪ್ಪ ಬಿಟ್ಟರೆ ಮುಗಿಯಿತು. ನಡುರಾತ್ರಿಯ ಡಬ್ಬಿಗೆ ಮಾತ್ರ ಶೇಂಗಾ ಉಂಡಿಯೇ ಆಗಬೇಕು ಎಂಬುದು ನನ್ನ ಹಟ.

ಪಾಕದ ತಂಟೆಯಿಲ್ಲದ ಕುಟ್ಟಿದ ಉಂಡಿಯನ್ನೇ ಹೇಳುತ್ತೇನೆ. ಎರಡು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹದವಾಗಿ ಹುರಿಯಿರಿ. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಆರಿದ ಮೇಲೆ ತಿಕ್ಕಿ ಸಿಪ್ಪೆ ಕೇರಿ, ಒರಳಿಗೆ ಹಾಕಿ ತರಿತರಿಯಾಗಿ ಕುಟ್ಟಿ. ಒಂದು ಬಟ್ಟಲು ಪುಡಿ ಬೆಲ್ಲ, ಎರಡು ಏಲಕ್ಕಿ ಸೇರಿಸಿ ಮತ್ತೆ ಕುಟ್ಟಿ. ಶೇಂಗಾ ತನ್ನ ಎಣ್ಣೆ ತಾನೇ ಬಿಟ್ಟು ಬೆಲ್ಲವನ್ನು ಹಿಡಿದುಕೊಳ್ಳುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡಿ ನಿಲ್ಲಬೇಕು, ನಿಲ್ಲದಿದ್ದರೆ ಒಂದು ಚಮಚ ತುಪ್ಪ ಸಾಕು. ಮಿಕ್ಸರಿನಲ್ಲಿ ಮಾಡುವವರು ತಡೆತಡೆದು ತಿರುಗಿಸಿ, ಇಲ್ಲವಾದರೆ ಮುದ್ದೆಯಾದೀತು. ನೀರು ಸೋಕದ ಡಬ್ಬಿಗೆ ತುಂಬಿ. ಗೆಳತಿಯ ಮನೆಯಿಂದ ಬರುವಾಗ ಅದೇ ಡಬ್ಬಿಯನ್ನು ಅವಳು ಖಾಲಿ ಕೊಡುವುದಿಲ್ಲ, ಏನು ಹಾಕಿ ಕಳಿಸಿದಳೆಂದು ಬಸ್ಸಿನಲ್ಲೇ ತೆರೆದು ನೋಡಬೇಡಿ, ಪಕ್ಕದವರಿಗೂ ಕೊಡಬೇಕಾಗುತ್ತದೆ!