ಗದ್ದೆಗಿಳಿದ ವರಾಹ

ಮಲೆನಾಡಿನ ಬತ್ತದ ಗದ್ದೆಗಳು ಹಾಲುಗಾಳಾಗಿ ತೆನೆ ಬಾಗಿಸುವ ಆಶ್ವಯುಜ ಕಾರ್ತಿಕಗಳಲ್ಲಿ, ವರ್ಷದ ದುಡಿಮೆಯ ಫಲ ಇನ್ನೇನು ಕಣಜ ಸೇರಬೇಕೆನ್ನುವಾಗ, ಕಾಡುಹಂದಿಗಳ ಹಿಂಡೊಂದು ಒಂದೇ ರಾತ್ರಿಯಲ್ಲಿ ಪೈರಿಗೆ ತರುವ ಗತಿಯನ್ನು ಕಣ್ಣಾರೆ ಕಂಡವರಿಗೆ, ಈ ಪ್ರಾಣಿಯನ್ನು ಕುರಿತು ನಗರದಲ್ಲಿ ಕುಳಿತು ನಡೆಸುವ ಚರ್ಚೆಗಳು ಬಹುಮಟ್ಟಿಗೆ ಪೊಳ್ಳೆನಿಸುವುದು ಸಹಜ. ಹಂದಿ ತೆನೆಯನ್ನು ಬಾಯಿಂದೆಳೆದು, ಅಗಿದು, ಹಾಲನ್ನು ಹೀರಿ, ಹೊಟ್ಟನ್ನು ಉಗುಳಿ ಮುಂದೆ ಸಾಗುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅದಕ್ಕೂ ಮಿಗಿಲಾದದ್ದು ಎರೆಹುಳುವಿನ ಆಸೆಗೆ ಮುಸುಡಿಯಿಂದ ಬಗೆದು ಕೆಡವಿದ ಬದುವಿನ ನಷ್ಟ. ಬದು ಒಡೆದ ಮೇಲೆ ಗದ್ದೆಯಲ್ಲಿ ನೀರು ನಿಲ್ಲದು. ತನ್ನ ಬೆಳೆಯಲ್ಲಿ ನಿಂತ ಹಂದಿಯನ್ನು ಬಹಿರಂಗವಾಗಿ ಹೊಡೆಯುವ ದಾರಿಯನ್ನು ರೈತನಿಗೆ ಕಾರ್ಯತಃ ಮುಚ್ಚಿ, ಆತನನ್ನು ಕತ್ತಲೆಯ ಉರುಳಿನ ಕಡೆಗೂ ಸಿಡಿಮದ್ದಿನ ಕಡೆಗೂ ನಾವೇ ದೂಡಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಈ ಪ್ರಾಣಿ ತಿರಸ್ಕಾರಕ್ಕೆ ಅರ್ಹವಾದುದೇನೂ ಅಲ್ಲ. ಕತ್ತಿನ ಹಿಂಭಾಗದಿಂದ ಬೆನ್ನಿನುದ್ದಕ್ಕೂ ನಿಗುರಿ ನಿಲ್ಲುವ ಕಪ್ಪು ಕೇಸರ, ನೆಲದೊಳಗಿನ ಗೆಡ್ಡೆಯನ್ನು ಮೇಲಿನಿಂದಲೇ ಅರಿಯಬಲ್ಲ ಘ್ರಾಣಶಕ್ತಿ, ಗೆಣಸಿನಿಂದ ಹಾವಿನವರೆಗೆ, ಹಣ್ಣಿನಿಂದ ಕೊಳೆತ ಕಳೇಬರದವರೆಗೆ ಯಾವುದನ್ನೂ ಜೀರ್ಣಿಸಿಕೊಳ್ಳುವ ಜಠರ, ಇವೆಲ್ಲವೂ ಕೂಡಿ ಅದನ್ನು ಕಾಡಿನಲ್ಲಿಯೂ ಕಬ್ಬಿನ ತೋಟದಲ್ಲಿಯೂ ಸಮಾನವಾಗಿ ಬದುಕಬಲ್ಲ ಜೀವಿಯನ್ನಾಗಿ ಮಾಡಿವೆ. ಸುಮಾರು ನಾಲ್ಕು ತಿಂಗಳ ಗರ್ಭವನ್ನು ಹೊತ್ತ ಹೆಣ್ಣು, ಹುಲ್ಲುಸೊಪ್ಪುಗಳನ್ನು ಒಟ್ಟಿ ಗೂಡು ಕಟ್ಟಿ, ನಾಲ್ಕಾರು ಮರಿಗಳನ್ನು ಈಯುತ್ತದೆ. ಕಂದುಬಣ್ಣದ ಮೈಮೇಲೆ ತಿಳಿಗೆರೆಗಳನ್ನೆಳೆದುಕೊಂಡ ಆ ಮರಿಗಳು ತರಗೆಲೆಯ ಮೇಲೆ ಬಿದ್ದ ಬಿಸಿಲು ನೆರಳಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಹಿಂಡನ್ನು ಬಿಟ್ಟು ಒಬ್ಬಂಟಿಯಾಗಿ ತಿರುಗುವ ದೊಡ್ಡ ಗಂಡನ್ನು, ಒಂಟಿಗನನ್ನು, ಹಳೆಯ ಬೇಟೆಗಾರರು ಹುಲಿಗಿಂತ ಕಡಿಮೆ ಗೌರವದಿಂದ ಕಾಣುತ್ತಿರಲಿಲ್ಲ. ಅದು ಗಾಯಗೊಂಡಾಗ ಓಡುವುದಕ್ಕೆ ಬದಲಾಗಿ ಎದುರಿಗೆ ನುಗ್ಗಿಬರುತ್ತದೆ, ತಲೆಯನ್ನು ತಗ್ಗಿಸಿ ಕೆಳಗಿನಿಂದ ಮೇಲಕ್ಕೆ ಕೋರೆಯನ್ನೆತ್ತಿ ತೊಡೆಯನ್ನೋ ಹೊಟ್ಟೆಯನ್ನೋ ಸೀಳುತ್ತದೆ. ಹುಲಿಯೂ ಅಂಥ ಒಂಟಿಗನ ಕೋರೆಗೆ ಸಿಕ್ಕಿ ಪ್ರಾಣ ಬಿಟ್ಟದ್ದುಂಟು.

ಈ ಗೌರವಕ್ಕೆ ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕಾಗಿ ಮಣಲೇರನೆಂಬ ವೀರನು ತನ್ನ ಒಡೆಯರಿಂದ ಊರನ್ನೋ ಹೊನ್ನನ್ನೋ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿಯನ್ನು ಒಂದು ಮಹಾವರಾಹದ ಮೇಲೆ ಬಿಟ್ಟಾಗ ಎರಡೂ ಹೋರಾಡುತ್ತ ಒಟ್ಟಿಗೆ ಸತ್ತವೆಂದೂ ಹತ್ತನೆಯ ಶತಮಾನದ ಆತಕೂರಿನ ಶಾಸನ ಹೇಳುತ್ತದೆ. ಮದ್ದೂರು ಸೀಮೆಯ ಆ ಊರಿನ ದೇವಾಲಯದ ಮುಂದೆ ನಾಯಿಗಾಗಿ ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಹಂದಿಯೂ ನಾಯಿಯೂ ಸರಿಸಮವಾದ ವೈರಿಗಳಾಗಿಯೇ ಕೆತ್ತಲ್ಪಟ್ಟಿವೆ. ಚಾಲುಕ್ಯರು ವರಾಹವನ್ನು ಲಾಂಛನವಾಗಿ ಧರಿಸಿದರು; ವಿಜಯನಗರದ ಚಿನ್ನದ ನಾಣ್ಯಕ್ಕೆ ಅದರ ಹೆಸರೇ ನಿಂತಿತು. ಇಷ್ಟಾದರೂ ಹೊಲದ ಮಾಳದಲ್ಲಿ ರಾತ್ರಿಯಿಡೀ ಡಬ್ಬಿ ಬಡಿದು ಕಾವಲಿರುತ್ತಿದ್ದ ಒಕ್ಕಲಮಗನು ಹಂದಿಗೆ ಈಡು ಹೊಡೆಯಲು ಹಿಂಜರಿಯುತ್ತಿರಲಿಲ್ಲ. ಪೂಜ್ಯಭಾವವೂ ಬೇಟೆಯೂ ಒಂದೇ ಊರಿನಲ್ಲಿ ವಿರೋಧವಿಲ್ಲದೆ ಬಾಳಿದ್ದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ವ್ಯವಸ್ಥೆಯನ್ನು ಬದಲಾಯಿಸಿತು, ಮತ್ತು ಬದಲಾಯಿಸಬೇಕಾಗಿಯೂ ಇತ್ತು. ಕೋವಿಯ ಕೈಗೆ ಅಂಕೆಯಿಲ್ಲದಿದ್ದ ಆ ದಿನಗಳಲ್ಲಿ ಕಾಡುಗಳು ಬರಿದಾಗುತ್ತಿದ್ದುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಂದಿ ಈಗ, 2022ರ ತಿದ್ದುಪಡಿಯ ಬಳಿಕ, ಎರಡನೆಯ ಅನುಸೂಚಿಯಲ್ಲಿದೆ. ಪ್ರಾಣರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ; ನಿಂತ ಬೆಳೆಗೆ ಅಪಾಯವಾದರೂ ಮುಖ್ಯ ವನ್ಯಜೀವಿ ಪಾಲಕರೋ ಅವರು ಅಧಿಕಾರ ಕೊಟ್ಟವರೋ ಕಾರಣವನ್ನು ಬರೆದು ಬೇಟೆಗೆ ಅನುಮತಿ ನೀಡಬಹುದು. ಆದರೆ ಕಚೇರಿಯಿಂದ ಕಚೇರಿಗೆ ನಡೆದು ಬರುವ ಅನುಮತಿಯನ್ನು ಕಾಯುತ್ತ ಹಂದಿ ಗದ್ದೆಯ ಹೊರಗೆ ನಿಲ್ಲುವುದಿಲ್ಲ.

ಅನುಮತಿಗೆ ಕಾಯಲಾರದ ಕೈ ಏನು ಮಾಡುತ್ತದೆಂಬುದು ಕಾಡಂಚಿನ ಹಳ್ಳಿಗಳಲ್ಲಿ ಗುಟ್ಟಾಗಿ ಉಳಿದಿಲ್ಲ. ಬೈಕಿನ ಕ್ಲಚ್ ವಯರನ್ನು ಕುಣಿಕೆ ಮಾಡಿ ಬೇಲಿಯ ಕಂಡಿಗೆ ಕಟ್ಟಿದ ಉರುಳು, ಎಳೆದಷ್ಟೂ ಬಿಗಿಯುತ್ತ ಮಾಂಸದೊಳಕ್ಕೆ ಇಳಿಯುತ್ತದೆ. ಅದಕ್ಕೆ ಬೀಳುವುದು ಹಂದಿಯೋ ಚಿರತೆಯೋ ಎಂಬ ಭೇದ ತಂತಿಗೆ ತಿಳಿಯದು, ಸೊಂಟಕ್ಕೆ ಉರುಳು ಬಿಗಿದ ಚಿರತೆ ದಿನವೆಲ್ಲ ನರಳುವ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದೂ ಅಲ್ಲ. ತಿನಿಸಿನಲ್ಲಿ ಅಡಗಿಸಿದ ಸಿಡಿಮದ್ದು ಇನ್ನೂ ಹೇಯವಾದುದು. ಕಚ್ಚಿದ ಕ್ಷಣದಲ್ಲಿ ದವಡೆ ಛಿದ್ರವಾಗಿ, ಆಹಾರವನ್ನು ನುಂಗಲಾರದೆ ಪ್ರಾಣಿ ದಿನಗಟ್ಟಲೆ ಸಾಯುತ್ತದೆ. ಮೇಯುವ ದನವೂ ಮನೆಯ ನಾಯಿಯೂ ಅದಕ್ಕೆ ಬಲಿಯಾಗುತ್ತವೆ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗರ್ಭಿಣಿಯಾದ ಆನೆಯೊಂದು ಹೀಗೆಯೇ ಬಾಯೊಡೆದು ನೀರಿನಲ್ಲಿ ನಿಂತು ಸತ್ತಾಗ ದೇಶಕ್ಕೆ ದೇಶವೇ ಮರುಗಿತು. ಆ ಮರುಕದಲ್ಲಿ, ಅಂಥ ಮದ್ದನ್ನು ರೈತರು ಸಾಮಾನ್ಯವಾಗಿ ಯಾರಿಗಾಗಿ ಇಡುತ್ತಾರೆ, ಏಕೆ ಇಡುತ್ತಾರೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸಿ ಕಾಯ್ದೆಯ ಹೊರಗಿಡಬೇಕೆಂದು ಕೇಳುವವರ ಜೊತೆ ನಾನಿಲ್ಲ. ಬಿಹಾರಕ್ಕೂ ಉತ್ತರಾಖಂಡಕ್ಕೂ ಕೇಂದ್ರ ಸರ್ಕಾರ ಕೆಲಕಾಲ ಅಂಥ ಘೋಷಣೆಯನ್ನು ಮಾಡಿಕೊಟ್ಟದ್ದುಂಟು. ಆದರೆ ಗದ್ದೆಯಲ್ಲಿ ಶತ್ರುವಾದ ಇದೇ ಹಂದಿ ಕಾಡಿನೊಳಗೆ ಹುಲಿ ಚಿರತೆಗಳ ಆಹಾರ. ನೆಲವನ್ನು ಬಗೆದು ಸಡಿಲಿಸುವ ಅದರ ಮುಸುಡಿಯಿಂದ ಕಾಡಿನ ಮಣ್ಣಿಗೂ ಬೀಜಕ್ಕೂ ಉಪಕಾರವುಂಟು. ನಾನು ಕೇಳುವುದು ಬೇಲಿಯ ಈಚೆಗಿನ ಮಾತನ್ನು ಮಾತ್ರ. ಕೇರಳ 2022ರಲ್ಲಿ ಪಂಚಾಯಿತಿಯ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪಾಲಕರ ಅಧಿಕಾರವನ್ನು ಕೊಟ್ಟು, ಪರವಾನಗಿಯುಳ್ಳ ಕೋವಿಗಾರರಿಂದ ಬೆಳೆಯ ಹಂದಿಯನ್ನು ಹೊಡೆಸುವ ಏರ್ಪಾಡನ್ನು ಮಾಡಿತು. ನಮ್ಮಲ್ಲಿಯೂ ಫಸಲಿನ ತಿಂಗಳುಗಳಿಗೆ ಸೀಮಿತವಾಗಿ, ಹೊಡೆದ ಪ್ರತಿಯೊಂದು ಹಂದಿಯ ಲೆಕ್ಕವಿಟ್ಟು, ಉರುಳಿಗೂ ಸಿಡಿಮದ್ದಿಗೂ ಈಗಿನದಕ್ಕಿಂತ ಕಠಿನವಾದ ಶಿಕ್ಷೆಯನ್ನು ಜೊತೆಗಿರಿಸಿ ಇಂಥದೊಂದನ್ನು ಮಾಡತಕ್ಕದ್ದು.

ಇನ್ನು ಉಳಿದದ್ದು ಮಾಂಸದ ಪ್ರಶ್ನೆ. ಕೊಂದ ಹಂದಿಯನ್ನು ಹಸಿದ ಊರಿನ ಕಣ್ಣೆದುರು ಹೂಳುವುದು ನನಗೆ ಒಪ್ಪಿಗೆಯಾಗದು. ಹಿಂದಿನಂತೆ ಪಾಲು ಹಾಕಿ ಮನೆಮನೆಗೆ ಹಂಚಿಕೊಳ್ಳುವುದಕ್ಕೆ ಪಶುವೈದ್ಯರ ಪರೀಕ್ಷೆಯ ಮೇಲೆ ಕಾಯ್ದೆ ಅವಕಾಶ ಕೊಡುವುದು ನ್ಯಾಯ. ಪರೀಕ್ಷೆಯನ್ನು ಹೇಳುವುದು ಸುಮ್ಮನಲ್ಲ. ಕಾಡುಹಂದಿಯ ಸ್ನಾಯುಗಳಲ್ಲಿ ಟ್ರಿಕಿನೆಲ್ಲಾ ಎಂಬ ಸೂಕ್ಷ್ಮ ಹುಳುವಾಗಲಿ ಲಾಡಿಹುಳುವಿನ ಕೋಶಗಳಾಗಲಿ ಇರಬಹುದು, ಒಳಗಿನವರೆಗೂ ಚೆನ್ನಾಗಿ ಬೇಯದ ತುಂಡು ತಿಂದವರಿಗೆ ವಿಪತ್ತನ್ನು ತಂದೀತು. ನಮ್ಮ ದೇಶದ ಮಟ್ಟಿಗೆ 2020ರಲ್ಲಿ ಅಸ್ಸಾಮಿನಲ್ಲಿ ಮೊದಲಾಗಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ತಗಲದಿದ್ದರೂ, ರೋಗದ ಹಂದಿಯ ಮಾಂಸ ಹೋದಲ್ಲೆಲ್ಲ ಸಾಕುಹಂದಿಗಳಿಗೆ ಹರಡುತ್ತದೆ. ಮಾರಾಟಕ್ಕೆ ಮಾತ್ರ ಎಡೆ ಇರಲೇಬಾರದು, ಏಕೆಂದರೆ ಬೆಲೆ ಕಟ್ಟಿದ ಮರುದಿನವೇ ಕೋವಿ ಗದ್ದೆಯನ್ನು ಬಿಟ್ಟು ಕಾಡಿನೊಳಕ್ಕೆ ತಿರುಗುತ್ತದೆ. ಇದರಿಂದ ಯಾರ ಊಟಕ್ಕೂ ಕೊರತೆಯಾಗದು: ಕಡಂಬುಟ್ಟಿನೊಡನೆ ಬಡಿಸುವ ಕೊಡಗಿನ ಪಂದಿಕರಿ ಹಿಂದೆ ಬೇಟೆಯ ಹಂದಿಯದಾಗಿದ್ದರೂ, ಈಗ ಕೈಲ್ ಮುಹೂರ್ತದ ಹಬ್ಬದ ದಿನವೂ ಸಾಕಿದ ಹಂದಿಯಿಂದಲೇ ಆಗುತ್ತಿದೆ, ಮತ್ತು ಕಾಚಂಪುಳಿಯೂ ಹುರಿದು ಅರೆದ ಮೆಣಸೂ ಅದರ ರುಚಿಯನ್ನು ಕುಂದಿಸದೆ ಕಾಪಾಡಿವೆ.