ಕಾಗಿಣಾ ಉಕ್ಕಿದರೆ ತಪ್ಪು ಯಾರದು?

ಸೇಡಂ, ಚಿತ್ತಾಪುರ, ಚಿಂಚೋಳಿ ಅಂದರೆ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಬಿಸಿಲು ಮಾತ್ರ. "ನಿಮ್ಮ ಕಡೆ ನೆರೆನಾ?" ಅಂತ ನಗುತ್ತಾರೆ. 2020ರ ಅಕ್ಟೋಬರಿನಲ್ಲಿ ಮಳಖೇಡದ ಸೇತುವೆ ಮುಳುಗಿ, ಜಯತೀರ್ಥರ ವೃಂದಾವನವಿರುವ ಉತ್ತರಾದಿ ಮಠದೊಳಗೇ ಕಾಗಿಣಾ ನುಗ್ಗಿದ್ದನ್ನು ಅವರು ನೋಡಿಲ್ಲ.

ನೀರು ಇಳಿದ ಮೇಲೆ ಬಿದ್ದ ಮನೆ ಎಣಿಸುತ್ತಾರೆ, ಪರಿಹಾರ ಕೊಡುತ್ತಾರೆ. ಆದರೆ ಕೊಚ್ಚಿಹೋದ ಎರೆಮಣ್ಣಿಗೆ ಲೆಕ್ಕವೇ ಇಲ್ಲ! ತೊಗರಿಗೆ ಮಳೆ ಬೇಕು, ನಿಂತ ನೀರು ಬೇಡ. ನೀರು ನಿಂತರೆ ಬೇರು ಕೊಳೆಯುತ್ತದೆ. ಆ ವರ್ಷದ ಬೆಳೆಯೂ ಹೋಯಿತು, ಮುಂದಿನ ವರ್ಷದ ಮಣ್ಣೂ ಹೋಯಿತು. ಊರ ಚರಂಡಿಯ ಹೊಲಸು ಬಾವಿಗೆ ಸೇರಿದ್ದು ಬೇರೆ.

ಎಲ್ಲ ಮಳೆಯದೇ ತಪ್ಪು ಅಂತ ನಾನು ಒಪ್ಪೋದಿಲ್ಲ. ಮುಲ್ಲಾಮಾರಿ, ಗಂಡೋರಿ ನಾಲಾ, ಬೆಣ್ಣೆತೊರೆ ಮೂರೂ ಕಾಗಿಣಾಕ್ಕೆ ಸೇರುವಂಥವು, ಮೂರಕ್ಕೂ ಜಲಾಶಯ ಇದೆ. ಮಳೆಗಾಲದ ಕೊನೆಗೆ ಮೂರೂ ತುಂಬಿರುತ್ತವೆ. ಆಗ ದೊಡ್ಡ ಮಳೆ ಬಂದರೆ ಗೇಟು ಎತ್ತದೆ ಬೇರೆ ದಾರಿ ಇಲ್ಲ. ಅತ್ತ ಭೀಮೆಯೂ ತುಂಬಿದ್ದರೆ ಶಹಾಬಾದ್, ವಾಡಿ ಕಡೆ ಕಾಗಿಣಾದ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದೆ.

ಹಾಗಂತ ಮೊದಲೇ ಕೆರೆ ಖಾಲಿ ಮಾಡಿ ಅಂದರೆ ರೈತ ಬಿಡುತ್ತಾನಾ? ಬೇಸಿಗೆಯಲ್ಲಿ ಹನಿ ನೀರಿಗೆ ಬಾಯಿ ಬಿಡುವವನೂ ಅವನೇ. ಅವನ ಭಯ ಸುಳ್ಳಲ್ಲ. ಆದರೆ ಹವಾಮಾನ ಇಲಾಖೆ ಭಾರಿ ಮಳೆಯ ಮುನ್ಸೂಚನೆ ಕೊಟ್ಟ ದಿನವೇ ಸ್ವಲ್ಪ ಸ್ವಲ್ಪ ಬಿಟ್ಟರೆ, ಮೂರೂ ಕಡೆಯವರು ಒಬ್ಬರನ್ನೊಬ್ಬರು ಕೇಳಿ ಬಿಟ್ಟರೆ, ಬಿಟ್ಟದ್ದು ಮತ್ತೆ ತುಂಬುತ್ತದೆ. ಕೆಳಗಿನ ಊರಿಗೆ ಸಾಮಾನು ಎತ್ತಿಡಲು ಒಂದು ರಾತ್ರಿಯಾದರೂ ಸಿಗುತ್ತದೆ.

ಇನ್ನೊಂದು ಮಾತು, ಹಳ್ಳಗಳದ್ದು. ಶಹಾಬಾದ್ ಕಲ್ಲು ಹಾಸದ ಮನೆ ನಮ್ಮಲ್ಲಿ ಕಡಿಮೆ. ಆ ಕಲ್ಲು ತೆಗೆದ ಮೇಲೆ ಉಳಿದ ಚೂರು, ಮಣ್ಣನ್ನು ಹಳ್ಳದ ದಂಡೆಗೆ ಸುರಿದರೆ ನೀರು ಎಲ್ಲಿ ಹೋಗಬೇಕು? ಊರೊಳಗೇ ಬರುತ್ತದೆ. ಹಳ್ಳದ ಜಾಗ ಹಳ್ಳಕ್ಕೆ ಬಿಡಿ. ಹೊಲಕ್ಕೆ ಬದು ಹಾಕಿ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡನ್ನು ಬರೀ ಪಿಕ್ನಿಕ್ ಜಾಗ ಅಂತ ನೋಡಬೇಡಿ. ಮಳೆಯನ್ನು ಹಿಡಿದು ನಿಧಾನಕ್ಕೆ ಬಿಡುವ ಸ್ಪಂಜು ಅದು.

ಹೊಳೆ ದಂಡೆಗೆ ಎತ್ತರದ ಗೋಡೆ ಕಟ್ಟಿ ಅಂತ ಕೇಳುವವರೂ ಇದ್ದಾರೆ. ಗೋಡೆ ನಮ್ಮೂರನ್ನು ಉಳಿಸಿ, ನೀರನ್ನು ಪಕ್ಕದೂರಿಗೆ ಕಳಿಸುತ್ತದೆ, ಅಷ್ಟೆ. ರಾಷ್ಟ್ರಕೂಟರು ರಾಜಧಾನಿ ಕಟ್ಟಿದ್ದು ಇದೇ ಹೊಳೆಯನ್ನು ನಂಬಿ. ಹೊಳೆ ಅಲ್ಲೇ ಇದೆ... ಅದರ ಜಾಗಕ್ಕೆ ಹೋದವರು ನಾವು, ಅಲ್ವಾ?