ವಿದ್ಯುತ್ ಲಗೇಜು ಗಾಡಿಯೂ ಮನೆಯ ತಂತಿಯೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ನು ಬಂದಾಗ ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಅದರ ಅನಿಲದಿಂದ ಓಡಾಡಿದ ಸಂಗತಿಯನ್ನು ಹಿರಿಯರ ಬಾಯಿಂದ ಕೇಳಿದವರು ಶಿವಮೊಗ್ಗೆಯ ಸುತ್ತಮುತ್ತ ಇನ್ನೂ ಇದ್ದಾರೆ. ಒಲೆ ಹೊತ್ತಿಸಿ ಕೆಂಡ ಕಾಯುವವರೆಗೆ ಪ್ರಯಾಣಿಕರು ಕಾದಿರಬೇಕಾಗಿತ್ತು. ದಿಣ್ಣೆ ಬಂದರೆ ಇಳಿದು ನಡೆಯಬೇಕಾಗಿತ್ತು. ಗಾಡಿಯ ಮೇವು ಬದಲಾದರೆ ಕೊಟ್ಟಿಗೆಯ ಏರ್ಪಾಡನ್ನೂ ಬದಲಾಯಿಸಬೇಕೆಂಬುದನ್ನು ಆ ಕಾಲದವರು ಕಷ್ಟಪಟ್ಟು ಕಲಿತರು. ಈಗ ಮತ್ತೊಮ್ಮೆ ಗಾಡಿಯ ಮೇವು ಬದಲಾಗುತ್ತಿದೆ. ತೋಟದಿಂದ ಪೇಟೆಗೆ ಸಾಮಾನು ಸಾಗಿಸುವ ಸಣ್ಣ ಲಗೇಜು ಗಾಡಿಗಳು ವಿದ್ಯುತ್ತಿನಿಂದ ಓಡುವಂಥವು ಮಾರಾಟಕ್ಕೆ ಬಂದಿವೆ. ಕೊಳ್ಳುವ ಮಹಾಶಯರು ಗಾಡಿಯ ಅಂದಚಂದವನ್ನೂ ಕಂತಿನ ಮೊತ್ತವನ್ನೂ ವಿಚಾರಿಸುವಷ್ಟು ಆಸಕ್ತಿಯಿಂದ ತಮ್ಮ ಮನೆಯ ತಂತಿಯನ್ನು ವಿಚಾರಿಸುವುದಿಲ್ಲ. ತಂತಿಯ ವಿಚಾರ ಮೊದಲು, ಗಾಡಿಯ ವಿಚಾರ ಆಮೇಲೆ ಎಂಬ ಕ್ರಮವೇ ಯುಕ್ತವಾದುದು.

ಶಿವಮೊಗ್ಗೆ ನಗರದ ಗೋಪಾಳ ಬಡಾವಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಥ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಗಾಜನೂರಿನ ಕಡೆಗೋ ಭದ್ರಾವತಿಯ ಕಡೆಗೋ ತೋಟ ಗದ್ದೆಗಳನ್ನಿಟ್ಟುಕೊಂಡಿರುವ ಹಿಡುವಳಿದಾರನಿಗೆ ದಿನದ ಓಡಾಟ ಅಳತೆಯುಳ್ಳದ್ದು. ಭದ್ರಾವತಿಗೆ ಹೋಗಿ ಬರುವುದೆಂದರೆ ಸುಮಾರು 40 ಕಿಲೋಮೀಟರು. ಗಾಜನೂರಿಗೆ ಅದಕ್ಕಿಂತಲೂ ಕಡಮೆ. ಅಡಿಕೆ ಮಂಡಿ, ತರಕಾರಿ ಮಾರುಕಟ್ಟೆ, ಮಾಚೇನಹಳ್ಳಿಯ ಹಾಲಿನ ಡೈರಿ, ಎಲ್ಲವೂ ಈ ವರ್ತುಲದೊಳಗಿನವೇ. ಬೆಳಗ್ಗೆ ಹೊರಟು ರಾತ್ರಿ ತನ್ನ ಚಾವಡಿಗೇ ಮರಳುವ ಗಾಡಿಗೆ ಮನೆಯಲ್ಲಿಯೇ ಮೇವು ಹಾಕುವುದು ಸುಲಭ. ಆದರೆ ಅದೇ ಮನುಷ್ಯನು ತೀರ್ಥಹಳ್ಳಿಗೆ ಹೋಗಿ ಬಂದರೆ 120 ಕಿಲೋಮೀಟರನ್ನು ಮೀರುವುದು. ಸಾಗರಕ್ಕಾದರೆ 140ನ್ನು ಮೀರುವುದು. ಅಂಥ ದಾರಿಯನ್ನು ವಾರಕ್ಕೆ ಮೂರು ಸಲ ತುಳಿಯುವವನ ಲೆಕ್ಕವೇ ಬೇರೆ.

ಲೆಕ್ಕವನ್ನು ಹಾಕಿಯೇ ನೋಡುವುದೊಳ್ಳೆಯದು. 2025ರ ಜೂನ್ ತಿಂಗಳಿನಲ್ಲಿ ಟಾಟಾ ಕಂಪೆನಿಯವರು ಏಸ್ ಪ್ರೋ ಎಂಬ ಒಂದೇ ಮಾದರಿಯನ್ನು ಪೆಟ್ರೋಲಿನಲ್ಲಿಯೂ ವಿದ್ಯುತ್ತಿನಲ್ಲಿಯೂ ಹೊರತಂದರು. ಆಗಿನ ಆರಂಭದ ಬೆಲೆ ಪೆಟ್ರೋಲಿನದಕ್ಕೆ 3 ಲಕ್ಷ 99 ಸಾವಿರ, ವಿದ್ಯುತ್ತಿನದಕ್ಕೆ 6 ಲಕ್ಷ 50 ಸಾವಿರ ರೂಪಾಯಿ. ಅದೇ ಸೆಪ್ಟೆಂಬರಿನಲ್ಲಿ ಪೆಟ್ರೋಲು ಗಾಡಿಯ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದು, ವಿದ್ಯುತ್ ಗಾಡಿಯದು 5ರಲ್ಲಿಯೇ ನಿಂತುದರಿಂದ ಈ ಅಂತರವು ಇನ್ನೂ ಕೊಂಚ ಹಿಗ್ಗಿತು. ಮೂರು ಲಕ್ಷವೆಂದೇ ಹಿಡಿಯಬಹುದು. ಈ ಮಾದರಿಯ ಬ್ಯಾಟರಿಯ ಹಿಡಿತ 14.4 ಯೂನಿಟ್ಟು, ಹೊರುವ ಭಾರ 750 ಕಿಲೋ, ಎಂದರೆ 75 ಕಿಲೋ ತೂಗುವ ಭತ್ತದ ಚೀಲ ಹತ್ತು. ಒಂದು ಚಾರ್ಜಿಗೆ 155 ಕಿಲೋಮೀಟರು ಓಡುವುದೆಂದು ಕಂಪೆನಿಯವರು ಹೇಳುವರು. ಪರೀಕ್ಷೆಯ ಹಾದಿಯಲ್ಲಿ ಓಡಿದ ಲೆಕ್ಕ ಅದು. ಮಲೆನಾಡಿನ ಏರುತಗ್ಗಿನಲ್ಲಿ, ತುಂಬಿದ ಹೇರಿನೊಡನೆ, 100 ಕಿಲೋಮೀಟರು ಎಂದು ನಂಬಿ ಹೊರಡುವವನು ದಾರಿಯಲ್ಲಿ ನಿಲ್ಲಲಾರನು.

ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ಕೊಂಚ ವಿದ್ಯುತ್ತು ಬಿಸಿಯಾಗಿ ನಷ್ಟವಾಗುವುದುಂಟು. ಆದಕಾರಣ ಬರಿದಾದ ಬ್ಯಾಟರಿಯನ್ನು ತುಂಬಲು ಮೀಟರಿನಲ್ಲಿ 17 ಯೂನಿಟ್ಟು ಓಡಿತೆಂದು ಭಾವಿಸಬೇಕು. ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೂ 100 ಕಿಲೋಮೀಟರಿಗೆ 119 ರೂಪಾಯಿ. ಪೆಟ್ರೋಲು ಗಾಡಿಯು ಹೇರಿನೊಡನೆ ಲೀಟರಿಗೆ 16 ಕಿಲೋಮೀಟರು ಓಡಿ, ಪೆಟ್ರೋಲಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಅದೇ ದೂರಕ್ಕೆ 625 ರೂಪಾಯಿ. ಕಿಲೋಮೀಟರಿಗೆ ಐದು ರೂಪಾಯಿ ಉಳಿಯಿತು. ಹೆಚ್ಚಿಗೆ ತೆತ್ತ ಮೂರು ಲಕ್ಷವು 60,000 ಕಿಲೋಮೀಟರಿನಲ್ಲಿ ಮರಳಿ ಕೈಸೇರುವುದು. ದಿನಕ್ಕೆ 50 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿಸುವವನಿಗೆ ಇದು ನಾಲ್ಕು ವರ್ಷದ ಮಾತು. ದಿನಕ್ಕೆ ಹತ್ತೇ ಕಿಲೋಮೀಟರು ಓಡಿಸುವವನಿಗೆ ಇಪ್ಪತ್ತು ವರ್ಷ. ಅಷ್ಟು ಕಾಲ ಗಾಡಿಯೇ ಬಾಳುವುದು ಸಂದೇಹ. ಕೊಯ್ಲಿನ ಎರಡು ತಿಂಗಳು ಮಾತ್ರ ಅಡಿಕೆ ಹೊತ್ತು, ಉಳಿದ ಹತ್ತು ತಿಂಗಳು ಅಂಗಳದಲ್ಲಿ ಧೂಳು ಹಿಡಿಯುವ ಗಾಡಿಯನ್ನು ನೆರೆಯವನು ಕೊಂಡನೆಂಬ ಒಂದೇ ಕಾರಣದಿಂದ ಕೊಳ್ಳುವುದು ದುಂದುವೆಚ್ಚವಲ್ಲದೆ ಬೇರಲ್ಲ. ಅಂಥವರು ಬಾಡಿಗೆಗೆ ಹಿಡಿಯುವುದೇ ಮೇಲು. ಇಲ್ಲವೆ ಒಂದೇ ಕೇರಿಯ ನಾಲ್ವರು ಕೂಡಿ ಒಂದು ಗಾಡಿಯನ್ನು ಇಟ್ಟುಕೊಂಡು, ಕಿಲೋಮೀಟರಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುತ್ತ ಬಂದರೆ, ಅದು ದಿನವೂ ಓಡಿ ತನ್ನ ಸಾಲವನ್ನು ತಾನೇ ತೀರಿಸೀತು.

ಇನ್ನು ತಂತಿಯ ಮಾತು. ಇಂಥ ಗಾಡಿಗಳನ್ನು ಮನೆಯಲ್ಲಿ ಚಾರ್ಜು ಮಾಡಲು ವಿಶೇಷ ಯಂತ್ರವೇನೂ ಬೇಕಾಗಿಲ್ಲ. ಗೀಜರಿಗೆ ಹಾಕುವಂಥ 15 ಆಂಪಿಯರಿನ ಮೂರು ಕಡ್ಡಿಯ ಸಾಕೆಟ್ಟು ಸಾಕೆಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಗೀಜರು ಕಾಲು ಗಂಟೆ ಉರಿದು ಆರುವುದು. ಗಾಡಿಯು ಸುಮಾರು 3 ಕಿಲೋವಾಟ್ಟನ್ನು ಐದಾರು ಗಂಟೆ ಒಂದೇ ಸಮನೆ ಎಳೆಯುವುದು. ಹದಿನೈದು ಇಪ್ಪತ್ತು ವರ್ಷದ ಹಿಂದೆ ದೀಪಕ್ಕೂ ಫ್ಯಾನಿಗೂ ಎಳೆದ ಸಣ್ಣ ತಂತಿಯ ಮೇಲೆ ಈ ಹೇರನ್ನು ಹೊರಿಸಿದರೆ ಅದು ಗೋಡೆಯೊಳಗೆ ಕಾಣದಂತೆ ಕಾದು, ಹೊದಿಕೆ ಕರಗಿ, ಒಂದು ರಾತ್ರಿ ಬೆಂಕಿಯಾಗುವುದು. ಮಲೆನಾಡಿನ ಮನೆಗಳಲ್ಲಿ ಗಾಡಿ ನಿಲ್ಲುವ ಸೂರಿನ ಪಕ್ಕದಲ್ಲಿಯೇ ಹುಲ್ಲಿನ ಬಣವೆಯೂ ಒಣಗಿದ ಅಡಿಕೆಯ ಚೀಲಗಳೂ ಇರುವುದನ್ನು ನೆನೆದರೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಗಾಡಿಗೆಂದೇ ಮುಖ್ಯ ಬೋರ್ಡಿನಿಂದ ಬೇರೊಂದು ತಂತಿಯನ್ನು ಎಳೆಸತಕ್ಕದ್ದು. 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೊಂದು ಪ್ರತ್ಯೇಕ ಎಂ.ಸಿ.ಬಿ., ವಿದ್ಯುತ್ತು ಸೋರಿದ ಕ್ಷಣದಲ್ಲಿಯೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ., ಇವಿಷ್ಟೂ ಇರಬೇಕು. ದೂರ ಹೆಚ್ಚಿದ್ದರೆ ತಂತಿ ಇನ್ನೂ ದಪ್ಪವಾಗಿರಬೇಕು. ಈ ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಬೇಕೇ ಹೊರತು, ಮೋಟಾರು ಸುತ್ತುವ ಹುಡುಗನು ಸಂಜೆ ಬಂದು ಸಿಕ್ಕಿಸಿ ಹೋಗುವಂತಿರಕೂಡದು.

ಅರ್ಥಿಂಗಿನ ವಿಷಯವನ್ನು ಎಲ್ಲಕ್ಕಿಂತಲೂ ಕಡೆಗಣಿಸುವರು. ನೆಲದೊಡನೆ ಸರಿಯಾದ ಸಂಪರ್ಕವಿಲ್ಲದಿದ್ದರೆ ಅನೇಕ ಗಾಡಿಗಳು ಚಾರ್ಜನ್ನೇ ಸ್ವೀಕರಿಸವು, ಸ್ವೀಕರಿಸದಿರುವುದೇ ಕ್ಷೇಮ. ಜಂಬಿಟ್ಟಿಗೆಯ ನೆಲವು ಮಳೆಗಾಲದಲ್ಲಿ ವಿದ್ಯುತ್ತನ್ನು ಚೆನ್ನಾಗಿ ಹೀರಿದರೂ, ಮಾಘ ಕಳೆದು ಒಣಗಿದ ಮೇಲೆ ಕಲ್ಲಿನಂತಾಗಿ ಹೀರುವುದನ್ನು ಬಿಡುವುದು. ಅರ್ಥಿಂಗಿನ ಗುಂಡಿಗೆ ಇದ್ದಿಲೂ ಉಪ್ಪೂ ತುಂಬಿಸಿ, ಬೇಸಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವ ಹಳೆಯ ಪದ್ಧತಿಯನ್ನು ಹೊಸ ಗಾಡಿ ಬಂದಿತೆಂದು ಬಿಡಲಾಗದು. ಚೈತ್ರ ವೈಶಾಖಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ತೆಗೆದಿಡುವುದೂ ಅಷ್ಟೇ ಅವಶ್ಯಕ.

ಗೋಪಾಳದಂಥ ಬಡಾವಣೆಗಳಲ್ಲಿ ಇನ್ನೊಂದು ತೊಡಕುಂಟು. ನಿವೇಶನ ಚಿಕ್ಕದು, ಗಾಡಿ ಬೀದಿಯಲ್ಲಿ ನಿಲ್ಲುವುದು, ಕಿಟಕಿಯಿಂದ ಹೊರಟ ತಂತಿಯು ಕಾಂಪೌಂಡನ್ನು ಹಾರಿ, ಚರಂಡಿಯನ್ನು ದಾಟಿ, ಮಕ್ಕಳು ಆಡುವ ಹಾದಿಯ ಮೇಲೆ ಬಿದ್ದಿರುವುದು. ಗಾಡಿಯನ್ನು ತನ್ನ ಗೇಟಿನೊಳಗೆ, ಸೂರಿನಡಿ, ನೀರು ನಿಲ್ಲದ ಕಟ್ಟೆಯ ಮೇಲೆ ನಿಲ್ಲಿಸಲಾರದವನು ಮೊದಲು ಆ ಜಾಗವನ್ನು ಒದಗಿಸಿಕೊಳ್ಳಬೇಕು. ಅಲ್ಲಿಯವರೆಗೆ ಗಾಡಿಯ ಮುಂಗಡವನ್ನು ಕೊಡದಿರುವುದು ಲೇಸು.

ಮನೆಯಲ್ಲಿ ಚಾರ್ಜು ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಮಾರ್ಗಸೂಚಿಗಳು ಅವಕಾಶವನ್ನಿತ್ತಿವೆ. ಆದರೆ ಮನೆಯ ಮಂಜೂರಾದ ಲೋಡು ಒಂದೆರಡು ಕಿಲೋವಾಟ್ಟಾಗಿದ್ದರೆ ಮೆಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಅದನ್ನು ಹೆಚ್ಚಿಸಿಕೊಳ್ಳಬೇಕು. ಇಲ್ಲಿ ಗೃಹಜ್ಯೋತಿ ಯೋಜನೆಯ ವಿಚಾರವನ್ನು ಹಲವರು ಮರೆಯುವರು. 2023ರಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿಗೆ ಅನುಗುಣವಾಗಿ ಉಚಿತ ಪ್ರಮಾಣವು ಗೊತ್ತಾಗಿದ್ದು, ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿದರೆ ಪೂರ್ತಿ ಬಿಲ್ಲನ್ನು ತೆರಬೇಕಾಗುವುದು. ದಿನಕ್ಕೆ 50 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡುವ ಗಾಡಿಗೆ ಮೇಲಿನ ಲೆಕ್ಕದಂತೆ 212 ಯೂನಿಟ್ಟು ಬೇಕು. ಇದನ್ನು ಮನೆಯ ಮೀಟರಿನಿಂದಲೇ ತೆಗೆದರೆ ದೀಪ, ಫ್ಯಾನು, ಮಿಕ್ಸಿಗಳಿಗೆ ದೊರೆಯುತ್ತಿದ್ದ ಉಚಿತವೂ ಕೈಬಿಟ್ಟುಹೋಗುವುದು. ವಿದ್ಯುತ್ ವಾಹನಗಳ ಚಾರ್ಜಿಗೆ ಪ್ರತ್ಯೇಕ ದರವರ್ಗವೇ ಉಂಟು. ಬೇರೆ ಮೀಟರನ್ನು ಹಾಕಿಸಿಕೊಳ್ಳುವವನಿಗೆ ಮೊದಲಲ್ಲಿ ಕೊಂಚ ಖರ್ಚೂ ಓಡಾಟವೂ ಆದರೂ, ಗಾಡಿಯ ಖರ್ಚು ಬೇರೆ, ಮನೆಯ ಖರ್ಚು ಬೇರೆ ಎಂದು ಪ್ರತಿ ತಿಂಗಳೂ ಕಣ್ಣಿಗೆ ಕಾಣುವುದು.

ಇದಕ್ಕಿಂತಲೂ ಗುರುತರವಾದ ವಿಷಯವೊಂದಿದೆ. ಗ್ರಾಮದ ಮುಖಂಡರು ಇದನ್ನು ಮನಸ್ಸಿಟ್ಟು ಓದಬೇಕು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ರಾಜ್ಯ ಸರ್ಕಾರವು ವಿದ್ಯುತ್ತಿನ ಹಣವನ್ನು ತಾನೇ ಭರಿಸುತ್ತಿದೆ. ತೋಟದ ಪಂಪಿನ ಮನೆಯಲ್ಲಿ ಹೇಗಿದ್ದರೂ ಕರೆಂಟು ಪುಕ್ಕಟೆಯಾಗಿರುವಾಗ ಗಾಡಿಯನ್ನು ಅಲ್ಲಿಯೇ ಸಿಕ್ಕಿಸಿದರೆ ಯಾರಿಗೇನು ನಷ್ಟವೆಂಬ ಮಾತು ಜಗಲಿಕಟ್ಟೆಗಳಲ್ಲಿ ಕೇಳಿಬರುವಂಥದೇ. ನಷ್ಟವು ಮೊದಲಿಗೆ ಪಕ್ಕದ ತೋಟದವನಿಗೆ. 3 ಕಿಲೋವಾಟ್ಟೆಂದರೆ ನಾಲ್ಕು ಅಶ್ವಶಕ್ತಿಯ ಒಂದು ಪಂಪಿಗೆ ಸಮ. ಐದು ಪಂಪುಗಳಿಗೆಂದು ನಿಲ್ಲಿಸಿದ 25 ಕೆ.ವಿ.ಎ. ಟಿ.ಸಿ.ಯ ಮೇಲೆ ಹೇಳದೆ ಕೇಳದೆ ಆರನೆಯದೊಂದು ಬಂದು ಕುಳಿತಂತೆ ಆಯಿತು. ಅದೂ ಮೂರು ಫೇಸುಗಳಲ್ಲಿ ಹಂಚಿಕೊಳ್ಳದೆ ಒಂದೇ ಫೇಸಿನ ಮೇಲೆ. ಫಾಲ್ಗುಣ ಚೈತ್ರಗಳಲ್ಲಿ ಎಲ್ಲ ಪಂಪುಗಳೂ ಒಟ್ಟಿಗೆ ಓಡುವ ದಿನಗಳಲ್ಲಿ ಟಿ.ಸಿ. ಸುಟ್ಟಿತೆಂದರೆ, ಮತ್ತೊಂದು ಬಂದು ಕೂರುವವರೆಗೆ ಐದು ಮನೆಗಳ ಅಡಿಕೆಯ ಹಿಂಗಾರ ನೀರಿಲ್ಲದೆ ಒಣಗುವುದು. ಒಬ್ಬನು ಉಳಿಸಿದ ನೂರಿಪ್ಪತ್ತು ರೂಪಾಯಿಗೆ ಐವರ ಒಂದು ವರ್ಷದ ಫಸಲನ್ನು ಪಣವಿಟ್ಟಂತೆ ಆಗುವುದು.

ಕಾನೂನಿನ ಮಾತೂ ಉಂಟು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೆಯ ಪ್ರಕರಣದಂತೆ, ಯಾವ ಉದ್ದೇಶಕ್ಕೆ ಸಂಪರ್ಕ ಕೊಡಲಾಗಿದೆಯೋ ಅದನ್ನು ಬಿಟ್ಟು ಬೇರೊಂದಕ್ಕೆ ಬಳಸಿದರೆ ಆ ಬಳಕೆಗೆ ಅನ್ವಯಿಸುವ ದರದ ಇಮ್ಮಡಿಯನ್ನು ವಸೂಲು ಮಾಡಬಹುದು. ಎಂದಿನಿಂದ ನಡೆಯಿತೆಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿನ ಲೆಕ್ಕವನ್ನು ಹಿಡಿಯಬಹುದು. ಅದೇ ಅಧಿನಿಯಮದ 135ನೆಯ ಪ್ರಕರಣವು ಇಂಥ ದುರುದ್ದೇಶದ ಬಳಕೆಯನ್ನು ಕಳ್ಳತನದ ಸಾಲಿಗೇ ಸೇರಿಸಿದೆ. ಊರಿನಲ್ಲಿ ನಾಲ್ಕು ಜನರ ನ್ಯಾಯವನ್ನು ತೀರ್ಮಾನಿಸುವ ಹಿರಿಯನ ಪಂಪಿನ ಮನೆಯಿಂದಲೇ ಗಾಡಿಗೆ ತಂತಿ ಹೋದರೆ, ಮರುವರ್ಷ ಅಂಥ ತಂತಿಗಳು ಹತ್ತಾಗುವುವು. ಆಗ ಬೇಡವೆಂದು ಹೇಳಲು ಅವನಿಗೆ ಬಾಯಿರದು. ಲಿಂಗನಮಕ್ಕಿಯ ನೀರಿಗೆಂದು ಮನೆ ಗದ್ದೆಗಳನ್ನು ಬಿಟ್ಟುಕೊಟ್ಟ ಜಿಲ್ಲೆಯಿದು. ಇಲ್ಲಿ ವಿದ್ಯುತ್ತನ್ನು ಪುಕ್ಕಟೆಯೆಂದು ಕರೆಯುವುದಕ್ಕೆ ನಾಲಿಗೆ ಸ್ವಲ್ಪ ಹಿಂಜರಿಯಬೇಕು.

ಬ್ಯಾಟರಿಯು ಮೂರು ವರ್ಷಕ್ಕೆ ಸಾಯುವುದೆಂಬ ಭೀತಿಯನ್ನು ಹಲವರು ಹರಡುತ್ತಿದ್ದಾರೆ. ಹಳೆಯ ಸೀಸದ ಬ್ಯಾಟರಿಗಳಲ್ಲಿ ಅದಕ್ಕೆ ಆಧಾರವಿತ್ತು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನ ಮೊದಲ ಮಾದರಿಗಳಲ್ಲಿದ್ದುದು ಅಂಥದೇ. ಈಗಿನವು ಲಿಥಿಯಮ್ಮಿನವು, ಕ್ರಮವರಿತು ಬಳಸಿದರೆ ಅದಕ್ಕಿಂತ ಬಹುಕಾಲ ಬಾಳುವಂಥವು. ಆದರೂ ಎಷ್ಟು ವರ್ಷ, ಎಷ್ಟು ಕಿಲೋಮೀಟರು, ಹಿಡಿತ ಎಷ್ಟಕ್ಕಿಳಿದರೆ ಬದಲಾಯಿಸಿಕೊಡುವರು ಎಂಬ ಮೂರನ್ನೂ ಕಾಗದದ ಮೇಲೆ ಬರೆಸಿಕೊಳ್ಳದೆ ಹಣ ಎಣಿಸಕೂಡದು. ದುರಸ್ತಿಯು ಶಿವಮೊಗ್ಗೆಯಲ್ಲಿಯೇ ಆಗುವುದೋ, ಬೇರೆ ಊರಿಗೆ ಹೊತ್ತೊಯ್ಯಬೇಕೋ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಬೇಕು. ಬಾಡಿಗೆಗೆ ಓಡುವ ವಿದ್ಯುತ್ ಗಾಡಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. 2018ರ ಕೇಂದ್ರದ ಅಧಿಸೂಚನೆಯಂತೆ ಪರ್ಮಿಟ್ಟಿನ ಅಗತ್ಯವಿಲ್ಲ. ವಿಮೆಯೂ ಚಾಲಕನ ಲೈಸೆನ್ಸೂ ಎಂದಿನಂತೆ ಬೇಕೇ ಬೇಕು.

ಮಳೆಗಾಲದಲ್ಲಿ ಗಾಡಿಗೆ ಕೆಲಸ ಕಡಮೆಯಾದಾಗ ಬ್ಯಾಟರಿಯನ್ನು ಪೂರ್ಣ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು; ಅರ್ಧದಷ್ಟು ಚಾರ್ಜಿನಲ್ಲಿ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ನೋಡಿ, ಊರ ಸುತ್ತ ಒಂದು ಸುತ್ತು ಓಡಿಸಬೇಕು. ಅಡಿಕೆಯ ದಾಸ್ತಾನಿನ ಪಕ್ಕದಲ್ಲಿ ನಿಂತ ಗಾಡಿಗೆ ಇಲಿಯ ಕಾಟ ಬಹಳ. ತಂತಿಯ ಹೊದಿಕೆಯನ್ನು ಅದು ಕಡಿದರೆ ಹೊರಗೆ ಕಾಣದು. ಗಾಡಿ ನಡೆಯದಿದ್ದಾಗಲೇ ಗೊತ್ತಾಗುವುದು. ಆರ್ದ್ರಾ ಮಳೆ ಹಿಡಿಯುವ ಮೊದಲೇ ಗಾಡಿಯ ಕೆಳಭಾಗವನ್ನೂ ಚಾರ್ಜಿನ ತಂತಿಯನ್ನೂ ಒಮ್ಮೆ ದೀಪ ಹಿಡಿದು ನೋಡಿ, ತಂತಿಯನ್ನು ಸುತ್ತಿ, ನೆಲದಿಂದ ಎತ್ತರದಲ್ಲಿ ಗೂಟಕ್ಕೆ ತೂಗುಹಾಕತಕ್ಕದ್ದು.